ಅಧ್ಯಕ್ಷರು ಯಾರ ಜೊತೆ ಮಾತಾಡುತ್ತಾರೆ?

ಥಾರ್ನ್‌ಬೆಕ್, ಲ್ಯಾಂಕಶೈರ್
13 ಸೆಪ್ಟೆಂಬರ್ 1998

ನಮ್ಮ ಬೆರಿಲ್‌ಗೆ,

ಅಪ್ಪನ ಕೆಮ್ಮು ಈಗ ಹೇಗಿದೆ? ಕಣ್ಣಿನ ಡಾಕ್ಟರು ಹೊಸದಾಗಿ ಏನಾದರೂ ಹೇಳಿದರೇ? ಈ ಪತ್ರವನ್ನು ಅವರಿಗೆ ಓದಿ ಹೇಳು. ಅವರು ಊರು ಬಿಟ್ಟು ಕಾರ್ನ್‌ವಾಲ್‌ಗೆ ನಿನ್ನ ಮನೆಗೆ ಹೋದಮೇಲೆ ಮಿಲ್ ಲೇನ್ ಮೈದಾನದಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ. ಗೆಳೆಯ ಡೆನಿಸ್ ಅದರ ಮೇಲೆ ತನ್ನ ಕೋಟು ಇಡುತ್ತಾನೆ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ರಾಲ್ಫ್ ಓಗ್ಡನ್ ನಿನಗೆ ನೆನಪಿರಬೇಕು. ಸ್ಟೇಷನ್ ರಸ್ತೆಯಲ್ಲಿ ಕಾರ್ಪೆಟ್ ಅಂಗಡಿ ಇಟ್ಟಿದ್ದಾನಲ್ಲ, ಅವನೇ. ಹೋದ ವರ್ಷದಿಂದ ಅವನಿಗೊಂದು ಚಾಳಿ ಅಂಟಿಕೊಂಡಿದೆ. ನನ್ನ ಸೀಟಿನ ನೇರಕ್ಕೆ, ಮೈದಾನದ ಆಚೆ ಬದಿಯಲ್ಲಿ ಕ್ಲಬ್ಬಿನ ಪದಾಧಿಕಾರಿಗಳ ಗ್ಯಾಲರಿ. ಆಟ ಶುರುವಾಗುವುದೇ ತಡ, ಜೇಬಿನಿಂದ ಮೊಬೈಲ್ ಫೋನು ತೆಗೆದು ಕಿವಿಗೆ ಅಂಟಿಸಿಕೊಳ್ಳುತ್ತಾನೆ. ಮುಗಿಯುವವರೆಗೂ ಮಾತು. ಬರೀ ಮಾತಾದರೆ ಹಾಳಾಗಲಿ ಎನ್ನಬಹುದಿತ್ತು. ಇನ್ನೊಂದು ಕೈಯಲ್ಲಿ ಆ ಮೂಲೆ ತೋರಿಸುತ್ತಾನೆ, ಈ ಮೂಲೆ ತೋರಿಸುತ್ತಾನೆ, ಗೋಲಿನಿಂದ ಗೋಲಿನವರೆಗೆ ಗಾಳಿಯಲ್ಲಿ ಗೆರೆ ಎಳೆಯುತ್ತಾನೆ. ಜಾಗ ಮಾರುವವನು ಕೊಳ್ಳುವವನಿಗೆ ಗಡಿ ತೋರಿಸುವ ಹಾಗೆ.

ಹೇಳಿದ್ದು ಸುಮ್ಮನೆ ಅಲ್ಲ. ಹಳೆಯ ಹತ್ತಿ ಮಿಲ್ಲನ್ನು ಕೆಡವಿ ಯಾವುದೋ ಸೂಪರ್‌ಮಾರ್ಕೆಟ್ ಬರುತ್ತದಂತೆ, ಕಾರು ನಿಲ್ಲಿಸಲು ಜಾಗ ಸಾಲದಂತೆ, ಅದಕ್ಕೆ ನಮ್ಮ ಮೈದಾನದ ಮೇಲೆ ಕಣ್ಣು ಹಾಕಿದ್ದಾರಂತೆ. ಅಂತೆ ಕಂತೆ ಎಂದು ನೀನು ನಗಬಹುದು. ಆದರೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದ ಜಾಗದಲ್ಲಿ ಯಾರೋ ತರಕಾರಿ ಗಾಡಿ ತಳ್ಳುವುದನ್ನು ನೋಡಿಕೊಂಡು ನಾನು ಬದುಕಲಾರೆ. ಡೆನಿಸ್ ಹೇಳುತ್ತಾನೆ, "ಅವನ್ ಮೇಲೆ ಒಂದ್ ಕಣ್ಣಿಡೋದು ನಿನ್ ಕೆಲ್ಸ ಕಣೋ ಕ್ಲಿಫ್. ಇಡೀ ಮೈದಾನದಲ್ಲಿ ಅವನ ಮುಖ ನೆಟ್ಟಗೆ ಕಾಣೋದು ನಿನ್ ಸೀಟಿಂದಾನೇ."

ನಿನ್ನೆ ಗೆದ್ದೆವು, ಎರಡು–ಒಂದು.

ನಿನ್ನ ತಮ್ಮ,
ಕ್ಲಿಫ್

*

ಕಾರ್ನ್‌ವಾಲ್
27 ಸೆಪ್ಟೆಂಬರ್ 1998

ಪ್ರೀತಿಯ ಕ್ಲಿಫ್,

ಅಪ್ಪನ ಕೆಮ್ಮು ಇಳಿದಿದೆ. ಕಣ್ಣು ಮಾತ್ರ ಇನ್ನು ಅಷ್ಟೇ ಎಂದು ಡಾಕ್ಟರು ಹೇಳಿಬಿಟ್ಟರು. ಕಿಟಕಿ ಯಾವ ಕಡೆ ಇದೆ ಎನ್ನುವುದು ಗೊತ್ತಾಗುತ್ತದೆ, ಎದುರಿಗೆ ಯಾರು ನಿಂತಿದ್ದಾರೆ ಎನ್ನುವುದು ಗೊತ್ತಾಗುವುದಿಲ್ಲ. ಅದಕ್ಕಾಗಿ ಅತ್ತವರಲ್ಲ. ಚಹಾ ಬಟ್ಟಲು ಎಲ್ಲಿಟ್ಟೆ ಎಂದು ನಾನು ಹೇಳದಿದ್ದರೆ ಬೈಯುತ್ತಾರೆ, ಅಷ್ಟೆ.

ನಿನ್ನ ಪತ್ರ ಓದಿ ಹೇಳಿದೆ. ಪೂರ್ತಿ ಓದಲಿಲ್ಲ. ಓಗ್ಡನ್ ಅವರ ವಿಷಯವನ್ನು ಬಿಟ್ಟೆ. ಅದನ್ನು ಬಿಟ್ಟಮೇಲೆ ಉಳಿದದ್ದು ಕೆಮ್ಮಿನ ವಿಚಾರಣೆ ಮತ್ತು ಡೆನಿಸನ ಕೋಟು. ಅಪ್ಪ ಕೇಳಿದರು, "ಅಷ್ಟೇನಾ? ಆಟದ್ದೇನೂ ಬರ್ದಿಲ್ವಾ?" ಎರಡು–ಒಂದರಲ್ಲಿ ಗೆದ್ದಿದ್ದಾರೆ ಎಂದೆ. "ಅದು ಗೊತ್ತು ಬಿಡು. ಎರಡನೇ ಗೋಲನ್ನ ತಲೇಲಿ ಹೊಡೆದದ್ದು ಅವನ ಸೀಟಿನ ಮುಂದೇನೇ ಅಲ್ವಾ, ಅವನಿಗೆ ಹ್ಯಾಗೆ ಕಾಣಿಸ್ತೋ ಕೇಳ್ಬೇಕಿತ್ತು" ಅಂದರು.

ಇಲ್ಲಿಗೆ ನಿಮ್ಮ ಕಡೆಯ ರೇಡಿಯೊ ತಲುಪುವುದಿಲ್ಲ. ಟಿವಿಯಲ್ಲಿ ನಾಲ್ಕನೆಯ ದರ್ಜೆಯ ತಂಡಕ್ಕೆ ಬರುವುದು ಅಂಕಿ ಮಾತ್ರ. ಆದರೂ ಶನಿವಾರ ಮಧ್ಯಾಹ್ನ ಅಪ್ಪ ಗಡ್ಡ ಹೆರೆದುಕೊಂಡು, ಸ್ಕಾರ್ಫ್ ಸುತ್ತಿಕೊಂಡು ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮುಂದಿನ ಪತ್ರದಲ್ಲಿ ಆಟ ಹೇಗಿತ್ತು ಎಂದು ಬರೆ, ಕ್ಲಿಫ್. ಗ್ಯಾಲರಿಯಲ್ಲಿ ಯಾರು ಏನು ಮಾಡಿದರು ಎಂದಲ್ಲ.

ಓಗ್ಡನ್ ಅವರು ಒಳ್ಳೆಯ ಮನುಷ್ಯ ಎಂದು ಅಪ್ಪ ಮೊದಲಿನಿಂದಲೂ ಹೇಳುತ್ತಾರೆ. ಅದನ್ನೂ ಸ್ವಲ್ಪ ಯೋಚಿಸು.

ಬೆರಿಲ್

*

ಥಾರ್ನ್‌ಬೆಕ್
25 ಅಕ್ಟೋಬರ್ 1998

ನಮ್ಮ ಬೆರಿಲ್‌ಗೆ,

ಒಳ್ಳೆಯ ಮನುಷ್ಯನ ಕತೆ ಕೇಳು. ನಿನ್ನೆ ಮೂರು–ಸೊನ್ನೆಯಲ್ಲಿ ಸೋಲುತ್ತಿದ್ದೇವೆ. ಮನೆ ಮೈದಾನದಲ್ಲಿ, ಅದೂ ಪಕ್ಕದ ಊರಿನವರ ಕೈಯಲ್ಲಿ. ನನ್ನ ಹಿಂದೆ ಕೂತಿದ್ದ ಮುದುಕರೊಬ್ಬರು ಟೋಪಿ ತೆಗೆದು ಮುಖಕ್ಕೆ ಮುಚ್ಚಿಕೊಂಡಿದ್ದರು. ಆಗ ನಮ್ಮ ಅಧ್ಯಕ್ಷ ಏನು ಮಾಡುತ್ತಿದ್ದ ಗೊತ್ತೇ? ನಗುತ್ತಿದ್ದ. ಫೋನು ಕಿವಿಯಲ್ಲಿದೆ, ತಲೆ ಹಿಂದಕ್ಕೆ ಹಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ಡೆನಿಸನ ಭಾವನಿಂದ ದುರ್ಬೀನು ತಂದಿದ್ದೆ. ಹಲ್ಲು ಎಣಿಸುವಷ್ಟು ಚೆನ್ನಾಗಿ ಕಾಣಿಸಿತು.

ನೆತ್ತರು ಕುದಿಯಿತು. ಅವನ ಕೈಯಲ್ಲಿ ನಮ್ಮ ಕ್ಲಬ್ಬಿದೆ, ನಮ್ಮ ಮಾನ ಇದೆ, ಅವನಿಗೆ ಅದು ನಗೆಯ ಮಾತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

ಈಗ ನಾವು ಅಭಿಮಾನಿಗಳ ಕೈಬರಹದ ಹಾಳೆಯೊಂದನ್ನು ಶುರುಮಾಡಿದ್ದೇವೆ. ಡೆನಿಸ್ ನಕಲು ತೆಗೆಸುತ್ತಾನೆ, ಗೇಟಿನ ಹತ್ತಿರ ಮಾರುತ್ತೇವೆ. ಅದರಲ್ಲಿ 'ಗ್ಯಾಲರಿ ಕಣ್ಣು' ಅಂಕಣ ನನ್ನದು. ಓಗ್ಡನ್ ಯಾವಾಗ ಬಂದ, ಯಾವಾಗ ಫೋನು ತೆಗೆದ, ಎತ್ತ ಕೈ ತೋರಿಸಿದ, ನಮ್ಮವರು ಹೊಡೆತ ತಿಂದಾಗ ಮುಖ ಹೇಗಿಟ್ಟುಕೊಂಡಿದ್ದ, ಎಲ್ಲ. ಜನ ಆಟದ ವರದಿ ಬಿಟ್ಟು ಮೊದಲು ಅದನ್ನೇ ಓದುತ್ತಾರೆ. ನಾನು ಗೇಟಿಗೆ ಹೋದರೆ ಹುಡುಗರು ದಾರಿ ಬಿಡುತ್ತಾರೆ. ಇಷ್ಟು ವರ್ಷ ಬಸ್ ಓಡಿಸಿದ್ದಕ್ಕೆ ಯಾರೂ ಹೀಗೆ ಮರ್ಯಾದೆ ಕೊಟ್ಟಿರಲಿಲ್ಲ.

ಒಂದು ಹಾಡನ್ನೂ ಕಟ್ಟಿದ್ದೇನೆ. "ಓಗ್ಡನ್ ಓಗ್ಡನ್ ಯಾರಿಗೆ ಫೋನು? ಮಾರೋದಾದ್ರೆ ಮಾರು ಕಾರ್ಪೆಟ್ಟು." ಇಡೀ ಗೋಲಿನ ಹಿಂಬದಿ ಹಾಡುತ್ತದೆ. ಅಪ್ಪನಿಗೆ ಹಾಡಿ ತೋರಿಸು, ನಗುತ್ತಾರೆ.

ಕ್ಲಿಫ್

*

ಕಾರ್ನ್‌ವಾಲ್
8 ನವೆಂಬರ್ 1998

ಕ್ಲಿಫ್,

ಹಾಡಿ ತೋರಿಸಲಿಲ್ಲ. ಅಪ್ಪನಿಗೆ ಆ ಹಾಡು ಆಗಲೇ ಗೊತ್ತಿತ್ತು. ಅವರು ನಗಲಿಲ್ಲ.

ಒಬ್ಬ ಮನುಷ್ಯ ನಗುವುದಕ್ಕೆ ಸಾವಿರ ಕಾರಣ ಇರುತ್ತವೆ. ಆ ಕಡೆ ಮಾತಾಡುವವರು ಏನಾದರೂ ತಮಾಷೆ ಮಾಡಿರಬಹುದು. ಮೂರು ಗೋಲು ತಿಂದಾಗ ಅಳುವುದು ಬಿಟ್ಟು ತಮಾಷೆ ಮಾಡುವ ಜನವೂ ಇದ್ದಾರೆ. ಅಂಥವರ ಮಗಳಾಗಿ ಹೇಳುತ್ತಿದ್ದೇನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನೀನು ಓಗ್ಡನ್ ಅವರ ಹತ್ತಿರ ಹೋಗಿ, ಟೋಪಿ ತೆಗೆದು, ಯಾರ ಜೊತೆ ಮಾತಾಡುತ್ತೀರಿ ಎಂದು ಒಬ್ಬನೇ ಕೇಳಿದ್ದೀಯಾ?

ಇನ್ನೊಂದು ಮಾತು. ಯಾವುದಾದರೂ ಒಂದು ಶನಿವಾರ ನೀನೇ ಅಪ್ಪನಿಗೆ ಫೋನು ಮಾಡಬಾರದೇ? ಮೈದಾನದ ಮೂಲೆಯಲ್ಲಿ ಬೂತ್ ಇದೆಯಲ್ಲ. ಮಧ್ಯಂತರದಲ್ಲಿ ಐದು ನಿಮಿಷ ಸಾಕು. ನನಗೆ ಕೇಳಬೇಕೆಂದಿಲ್ಲ, ಅವರಿಗೆ.

ಬೆರಿಲ್

*

ಥಾರ್ನ್‌ಬೆಕ್
29 ನವೆಂಬರ್ 1998

ನಮ್ಮ ಬೆರಿಲ್‌ಗೆ,

ನಿನಗೆ ಕ್ಲಬ್ಬಿನ ಮೇಲೆ ಮೊದಲಿನಿಂದಲೂ ಪ್ರೀತಿ ಇಲ್ಲ, ಅದು ನಿನ್ನ ತಪ್ಪಲ್ಲ. ಫೋನಿನ ವಿಷಯ: ಮಧ್ಯಂತರದಲ್ಲಿ ಹಾಳೆ ಮಾರಬೇಕು, ಆಟ ಮುಗಿದಮೇಲೆ ನಮ್ಮ ಕಮಿಟಿ ಕೂರುತ್ತದೆ. ಕ್ರಿಸ್‌ಮಸ್ ಕಳೆಯಲಿ, ನೋಡೋಣ.

ಕೇಳಿದ್ದೀಯಾ ಎಂದೆಯಲ್ಲ, ಕೇಳಿದೆ. ಒಬ್ಬನೇ ಅಲ್ಲ, ಇಡೀ ಊರಿನ ಮುಂದೆ. ಗುರುವಾರ ಕ್ಲಬ್ಬಿನ ಬಾರಿನಲ್ಲಿ ಅಭಿಮಾನಿಗಳ ಸಭೆ. ನಿಲ್ಲಲು ಜಾಗ ಇರಲಿಲ್ಲ. ಮೈದಾನ ಮಾರುವ ಯೋಚನೆಯೇ ಇಲ್ಲ ಎಂದ ಓಗ್ಡನ್. ಯಾರೂ ನಂಬಲಿಲ್ಲ. ನಾನು ಎದ್ದು ನಿಂತೆ. "ಹಾಗಾದ್ರೆ ಆಟ ನಡೀವಾಗ ಯಾರ ಜೊತೆ ಮಾತಾಡ್ತೀರಿ? ಅದೊಂದ್ ಹೇಳಿಬಿಡಿ, ಕೂತ್ಕೋತೀನಿ."

ಅವನು ಬಾಯಿ ತೆರೆದ. ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದ ಎಂದರೆ ಪಕ್ಕದವರು ನನ್ನ ಕಡೆ ತಿರುಗಿದರು. ಆಮೇಲೆ ಬಾಯಿ ಮುಚ್ಚಿಕೊಂಡು, "ಅದು ಇನ್ನೊಬ್ರ ವಿಷಯ. ಹೇಳೋಕೆ ನಂಗೆ ಅಧಿಕಾರ ಇಲ್ಲ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಭೆಯಲ್ಲಿ ಹೋ ಎಂದು ಕೂಗೆದ್ದಿತು. ಡೆನಿಸ್ ನನ್ನ ಬೆನ್ನು ತಟ್ಟಿದ್ದು ಇನ್ನೂ ನೋಯುತ್ತಿದೆ.

ನಿನ್ನೆ ಮತ್ತೆ ಫೋನು ತೆಗೆದ. ಅಷ್ಟಾದಮೇಲೂ! ಕೆಳಗಿನಿಂದ ಯಾರೋ ಮಾಂಸ ತುಂಬಿ ಬೇಯಿಸಿದ ಬಿಸಿ ಪೈ ಎಸೆದರು. ಎದೆಯ ಮೇಲೆ ಬಿದ್ದು ಕೋಟಿನ ತುಂಬ ಸಾರು ಇಳಿಯಿತು. ಅವನ ಹೆಂಡತಿ ಕರವಸ್ತ್ರ ತೆಗೆದು ಒರೆಸುತ್ತ ಕೂತಳು. ಅವನು ಫೋನನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡಿದ್ದ, ನಮ್ಮ ಕೂಗು ಅದಕ್ಕೆ ಕೇಳಿಸಬಾರದು ಎನ್ನುವಂತೆ. ನಾವೆಲ್ಲ ನಕ್ಕೆವು. ಪೈ ಎಸೆದದ್ದು ಸರಿಯಲ್ಲ, ಗೊತ್ತು. ಆದರೂ ನಕ್ಕೆ.

ಕ್ಲಿಫ್

*

ಥಾರ್ನ್‌ಬೆಕ್
13 ಡಿಸೆಂಬರ್ 1998

ನಮ್ಮ ಬೆರಿಲ್‌ಗೆ,

ಉತ್ತರ ಬರಲಿಲ್ಲ, ಆದರೂ ತಡೆಯಲಾರದೆ ಬರೆಯುತ್ತಿದ್ದೇನೆ. ಗೆದ್ದೆವು!

ಆಟದಲ್ಲಿ ಅಲ್ಲ, ಆಟ ಏನೋ ಒಂದು–ಒಂದು ಆಯಿತು. ಓಗ್ಡನ್ ಸೋತ. ಕ್ಲಬ್ಬಿನ ನೋಟೀಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದಾನೆ: ಅಭಿಮಾನಿಗಳ ಭಾವನೆಗೆ ಗೌರವ ಕೊಟ್ಟು ಅಧ್ಯಕ್ಷರು ಇನ್ನು ಮುಂದೆ ಆಟದ ವೇಳೆ ಗ್ಯಾಲರಿಯಲ್ಲಿ ಫೋನು ಬಳಸುವುದಿಲ್ಲ. ನಿನ್ನೆ ಪೂರ್ತಿ ಆಟ ದುರ್ಬೀನು ಇಳಿಸಲಿಲ್ಲ ನಾನು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಶಾಲೆಯ ಹುಡುಗನಂತೆ ಕೂತಿದ್ದ. ಮೂರು ಗಂಟೆಗೆ ಆಟ ಶುರುವಾದಾಗ ಒಮ್ಮೆ ಕೈ ಜೇಬಿಗೆ ಹೋಯಿತು. ತಾನಾಗಿಯೇ ವಾಪಸು ಬಂತು. ಇಡೀ ಗೋಲಿನ ಹಿಂಬದಿ ನನ್ನ ಹೆಸರು ಕೂಗಿತು.

ಅಪ್ಪನಿಗೆ ಹೇಳು. ಅವರ ಮಗ ಮೈದಾನ ಉಳಿಸಿದ ಎಂದು ಹೇಳು.

ಕ್ಲಿಫ್

*

ಕಾರ್ನ್‌ವಾಲ್
13 ಡಿಸೆಂಬರ್ 1998

ಕ್ಲಿಫ್,

ನಿನ್ನೆ ಮೂರು ಗಂಟೆಗೆ ಫೋನು ಬರಲಿಲ್ಲ.

ಅಪ್ಪ ಗಡ್ಡ ಹೆರೆದುಕೊಂಡು ಕೂತಿದ್ದರು. ಮೂರೂಕಾಲಿಗೆ, ಫೋನು ಸರಿಯಾಗಿ ಇಟ್ಟಿದ್ದೇವಾ ನೋಡು ಎಂದರು. ನೋಡಿದೆ, ಸರಿಯಾಗಿಯೇ ಇತ್ತು. ಮೂರೂವರೆಗೆ ಇನ್ನೊಮ್ಮೆ ನೋಡು ಎಂದರು. ಕತ್ತಲಾದಮೇಲೆ ನಾನೇ ಸ್ಕಾರ್ಫ್ ಬಿಚ್ಚಿದೆ.

ಇನ್ನು ಹೇಳದೆ ಇರಲಾರೆ. ಓಗ್ಡನ್ ಅವರು ಮಾತಾಡುತ್ತಿದ್ದದ್ದು ಅಪ್ಪನ ಜೊತೆ.

ಊರು ಬಿಟ್ಟ ಹಳೆಯ ಅಭಿಮಾನಿಗಳಿಗೆ ಅವರು ಪ್ರತಿ ಆಟದ ಪುಸ್ತಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಹೋದ ವರ್ಷ ಅಪ್ಪ ಅವರಿಗೆ ಫೋನು ಮಾಡಿಸಿ, "ಸುಮ್ನೆ ಸ್ಟಾಂಪ್ ಹಾಳು ಮಾಡ್ಬೇಡಿ, ನಂಗೆ ಕಣ್ಣು ಕಾಣಲ್ಲ" ಎಂದರು. ಮುಂದಿನ ಶನಿವಾರ ಮೂರು ಗಂಟೆಗೆ ಫೋನು ಬಂತು. "ಆಲ್ಬರ್ಟ್, ನಾನು ರಾಲ್ಫ್. ನಮ್ಮವ್ರು ಎಡಗಡೆಯಿಂದ ಬಲಗಡೆಗೆ ಆಡ್ತಿದಾರೆ" ಎಂದಿದ್ದೇ ಮೊದಲ ಮಾತು. ಅಂದಿನಿಂದ ಮನೆ ಮೈದಾನದ ಆಟ ಒಂದೂ ತಪ್ಪಿಸಿಲ್ಲ. ನೀನು ಗಡಿ ತೋರಿಸುತ್ತಾನೆ ಎಂದೆಯಲ್ಲ, ಚೆಂಡು ಹೋದ ಕಡೆಗೆಲ್ಲ ಅವರ ಕೈ ಹೋಗುತ್ತಿತ್ತು. ಕಣ್ಣಿಲ್ಲದವರಿಗೆ ಫೋನಿನಲ್ಲಿ ಕೈ ತೋರಿಸಿ ಪ್ರಯೋಜನವಿಲ್ಲ ಎಂದು ಅವರಿಗೆ ಹೊಳೆದೇ ಇರಲಿಲ್ಲ ಎಂದು ಕಾಣುತ್ತದೆ. ಮೂರು–ಸೊನ್ನೆಯ ದಿನ ಅಪ್ಪ, "ನಮ್ಮ ಗೋಲ್‌ಕೀಪರನ್ನ ಇಲ್ಲಿಗೆ ಕಳ್ಸಿ, ನಾನ್ ಅಲ್ಲಿಗೆ ಬಂದು ನಿಂತ್ಕೋತೀನಿ. ಇಬ್ರಿಗೂ ಚೆಂಡು ಕಾಣಲ್ಲ" ಎಂದರು. ಆ ಕಡೆಯಿಂದ ಬಂದ ನಗು ನನಗೆ ಅಡಿಗೆಮನೆಗೆ ಕೇಳಿಸಿತು.

ನಿನಗೆ ಹೇಳಬೇಡಿ ಎಂದು ಅಪ್ಪ ಅವರಿಂದ ಮಾತು ತೆಗೆದುಕೊಂಡಿದ್ದರು. ಏಕೆ ಗೊತ್ತೇ? ಊರು ಬಿಡುವ ದಿನ ಬಸ್ಸಿನ ಹತ್ತಿರ ಅಪ್ಪ ನಿನ್ನನ್ನು ಕೇಳಿದ್ದರು, ಆಗಾಗ ಫೋನು ಮಾಡಿ ಆಟ ಹೇಳುತ್ತೀಯಾ ಎಂದು. ನೀನು, "ಆಟ ನೋಡೋದಾ, ಹೇಳೋದಾ ಅಪ್ಪ? ಎರಡೂ ಆಗಲ್ಲ" ಎಂದೆ. ಈಗ ಬೇರೆಯವರು ಹೇಳುತ್ತಿದ್ದಾರೆ ಎಂದು ತಿಳಿದರೆ ನಿನಗೆ ನೋವಾಗುತ್ತದಂತೆ. ಸಭೆಯಲ್ಲಿ ಎದ್ದುನಿಂತು ಕೇಳಿದ್ದು ನೀನೇ ಎಂದು ಓಗ್ಡನ್ ಅವರು ಅಪ್ಪನಿಗೆ ಹೇಳಲಿಲ್ಲ. ಪೈ ವಿಷಯವನ್ನೂ ಹೇಳಲಿಲ್ಲ. ನಿನ್ನ ಪತ್ರದಿಂದ ಅದು ತಿಳಿದದ್ದು ನನಗೊಬ್ಬಳಿಗೇ.

ಇದರಲ್ಲಿ ನನ್ನ ತಪ್ಪೂ ಇದೆ. ಸೆಪ್ಟೆಂಬರಿನಲ್ಲೇ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ಮಾತು ಕೊಟ್ಟಿದ್ದೆ ಎನ್ನುವುದು ಅರ್ಧ ನಿಜ. ಇನ್ನರ್ಧ, ನಿನಗೇ ಹೊಳೆಯಲಿ ಎಂಬ ಹಟ. ಎರಡನೇ ಗೋಲನ್ನು ತಲೆಯಲ್ಲಿ ಹೊಡೆದದ್ದು ಅಪ್ಪನಿಗೆ ಹೇಗೆ ಗೊತ್ತಾಯಿತು ಎಂದು ಒಮ್ಮೆಯಾದರೂ ಕೇಳುತ್ತೀಯೇನೋ ಎಂದು ಕಾದೆ. ನನ್ನ ಹಟಕ್ಕೆ ಆ ಮನುಷ್ಯ ಹೆಂಡತಿಯ ಎದುರು ಪೈ ಏಟು ತಿನ್ನಬೇಕಾಯಿತು. ನಾಚಿಕೆಯಾಗುತ್ತದೆ.

ಬೆರಿಲ್

ತಾ.ಕ.: ನಿನ್ನೆ ಸಂಜೆ ಓಗ್ಡನ್ ಅವರು ಮನೆಯಿಂದ ಫೋನು ಮಾಡಿ ಕ್ಷಮೆ ಕೇಳಿದರು, ಇನ್ನು ಮೇಲೆ ಆಟ ಮುಗಿದಮೇಲೆ ಹೇಳುತ್ತೇನೆ ಎಂದರು. ಅಪ್ಪ, "ಬೇಡ ರಾಲ್ಫ್, ಮುಗಿದ ಆಟ ಆರಿದ ಚಹಾ ಇದ್ದ ಹಾಗೆ. ನೀವು ಚೆನ್ನಾಗಿರಿ" ಎಂದು ಇಟ್ಟುಬಿಟ್ಟರು.

*

ಥಾರ್ನ್‌ಬೆಕ್
23 ಡಿಸೆಂಬರ್ 1998
(ಕ್ರಿಸ್‌ಮಸ್ ಕಾರ್ಡು)

ಅಪ್ಪನಿಗೂ ಬೆರಿಲ್‌ಗೂ ಹಬ್ಬದ ಶುಭಾಶಯ.

ಕ್ಲಿಫ್

*

ಕಾರ್ನ್‌ವಾಲ್
6 ಜನವರಿ 1999

ಕ್ಲಿಫ್,

ಕಾರ್ಡಿನಲ್ಲಿ ಒಂದೇ ಸಾಲು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಸವರಿ, "ಏನು ಚಿತ್ರ ಇದೆ?" ಎಂದು ಕೇಳಿದರು. ಹಿಮ, ಒಂದು ಗುಬ್ಬಿ ಎಂದೆ.

ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಬರೆ. ಸುಮ್ಮನಿರಬೇಡ. ನಿನಗೆ ಹೇಳಿದ್ದೇನೆ ಎಂದು ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಅವರು ಈಗ ಶನಿವಾರ ಗಡ್ಡ ಹೆರೆದುಕೊಳ್ಳುವುದಿಲ್ಲ. ಮಧ್ಯಾಹ್ನ ಮಲಗಿಬಿಡುತ್ತಾರೆ.

ಬೆರಿಲ್

*

ಥಾರ್ನ್‌ಬೆಕ್
17 ಜನವರಿ 1999

ನಮ್ಮ ಬೆರಿಲ್‌ಗೆ,

ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ಪತ್ರವನ್ನು ಡಿಪೋದ ಕ್ಯಾಂಟೀನಿನಲ್ಲಿ ಓದಿದೆ. ಎದುರಿಗೆ ಕೂತವನು, "ಯಾರಾದ್ರೂ ಹೋದ್ರಾ ಕ್ಲಿಫ್?" ಎಂದು ಕೇಳಿದ. ಇಲ್ಲ ಎಂದೆ. ಅಂದು ಬಸ್ಸನ್ನು ಓಗ್ಡನ್ ಅವರ ಅಂಗಡಿಯ ಮುಂದೆ ಆರು ಸಲ ಹಾಯಿಸಬೇಕಿತ್ತು. ಆರು ಸಲವೂ ಎದುರಿನ ಗಾಜು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಬಸ್ಸಿನಂಥ ದೊಡ್ಡ ವಸ್ತುವಿನ ಹಿಂದೆಯೂ ಮನುಷ್ಯನಿಗೆ ಅಡಗಿಕೊಳ್ಳಲು ಆಗುವುದಿಲ್ಲ.

ಬಸ್ಸಿನ ಹತ್ತಿರ ಅಪ್ಪ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಮರೆತಿದ್ದೇ ಹೆಚ್ಚು ನಾಚಿಕೆಗೇಡು. ಹಾಳೆಯಲ್ಲಿ ನಿಜ ಬರೆಯಬೇಕೆಂದು ಕೂತೆ. ಅರ್ಧ ಬರೆದು, ಅಪ್ಪನ ಹೆಸರು ಬರುತ್ತದಲ್ಲ, ಅಪ್ಪನಿಗೆ ಬೇಸರವಾಗುತ್ತದಲ್ಲ ಎಂದು ನೆಪ ಹುಡುಕಿ ನಿಲ್ಲಿಸಿದೆ. ಅಪ್ಪನಿಗೆ ಬೇಸರವಾಗುತ್ತದೆ ಎಂದಲ್ಲ, ಹುಡುಗರು ಗೇಟಿನಲ್ಲಿ ನನಗೆ ದಾರಿ ಬಿಡುವುದಿಲ್ಲ ಎಂದು. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಕೊನೆಗೆ, ಸುಲಭದ ದಾರಿಯೊಂದು ಸಿಕ್ಕಿತು ಎಂದುಕೊಂಡೆ. ನಾನೇ ಅಪ್ಪನಿಗೆ ಫೋನು ಮಾಡಿ ಆಟ ಹೇಳಿದರೆ ಎಲ್ಲ ಸರಿಹೋಗುತ್ತದೆ, ಓಗ್ಡನ್ ಅವರ ಎದುರು ನಿಲ್ಲುವ ಗೋಜೇ ಇಲ್ಲ. ಡೆನಿಸನ ಮೊಬೈಲ್ ಕೇಳಿದೆ. "ಯಾಕೋ, ನೀನೂ ಮೈದಾನ ಮಾರ್ತೀಯಾ?" ಎಂದು ನಕ್ಕು ಕೊಟ್ಟ. ನಿನ್ನೆ ಮೂರು ಗಂಟೆಗೆ ನೀನು ಫೋನು ಎತ್ತಿದೆಯಲ್ಲ, ಆಮೇಲೆ ನೀನು ಹಿತ್ತಲಿಗೆ ಹೋದೆಯಂತೆ, ಅಪ್ಪ ಹೇಳಿದರು. ಅಲ್ಲಿಂದ ಮುಂದೆ ನಡೆದದ್ದು ನಿನಗೆ ಗೊತ್ತಿರಲಾರದು. ಅವರೂ ಪೂರ್ತಿ ಹೇಳಿರಲಾರರು.

"ಅಪ್ಪ, ನಾನು ಕ್ಲಿಫ್. ಮೈದಾನದಿಂದ."

"ತಡಿಯೋ, ಸರಿಯಾಗಿ ಕೂತ್ಕೋತೀನಿ" ಎಂದರು. ಕುರ್ಚಿ ಎಳೆದ ಸದ್ದು ಕೇಳಿಸಿತು. "ಹ್ಞೂಂ, ಹೇಳು."

ಶುರುಮಾಡಿದೆ. ನಮ್ಮವರಿಗೆ ಚೆಂಡು ಸಿಕ್ಕಿತು, ಹೋಯಿತು, ಮತ್ತೆ ಸಿಕ್ಕಿತು. ಎಡಗಡೆ ಯಾರೋ ಓಡುತ್ತಿದ್ದಾನೆ. "ಯಾರು?" ಎಂದರು. ಹೊಸ ಹುಡುಗ, ಕೆಂಚು ಕೂದಲು. "ಹೆಸ್ರು?" ಗೊತ್ತಿಲ್ಲ, ಬೆರಿಲ್. ಆಗಸ್ಟಿನಿಂದ ನನ್ನ ಮೂಗಿನ ಕೆಳಗೇ ಆಡುತ್ತಿದ್ದಾನಂತೆ. ಅವನ ಹೆಸರು ನನಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು. "ಮೆಕ್‌ನ್ಯಾಲಿ ಇರ್ಬೇಕು ಕಣೋ. ಎಡಗಾಲಿನವನು. ನೋಡು, ಒಳಗೆ ನುಗ್ತಾನಾ, ಗೆರೆ ಹಿಡಿದು ಹೋಗ್ತಾನಾ?" ನೋಡಿದೆ. ಚೆಂಡು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ನನ್ನ ಕಣ್ಣು ತಾನಾಗಿಯೇ ಆಚೆ ಬದಿಗೆ ಓಡುತ್ತಿತ್ತು. ಅಭ್ಯಾಸಬಲ. "ಓಗ್ಡನ್ ಅವರು ಕೈ ಕಟ್ಟಿಕೊಂಡು ಕೂತಿದಾರೆ ಅಪ್ಪ. ಈಗ ಮುಂದಕ್ಕೆ ಬಗ್ಗಿದ್ರು..."

"ಓಗ್ಡನ್ ಆಡ್ತಿದಾರೇನೋ?" ಎಂದರು ಅಪ್ಪ. "ಚೆಂಡು ಎಲ್ಲಿದೆ ಹೇಳು."

ನನಗೆ ಹೇಳಲಾಗಲಿಲ್ಲ. ಎರಡು ವರ್ಷ ಪ್ರತಿ ಶನಿವಾರ ದುಡ್ಡು ಕೊಟ್ಟು ಒಳಗೆ ಹೋಗಿದ್ದೇನೆ, ಬೆರಿಲ್. ನಾನು ನೋಡಿದ್ದು ಒಬ್ಬ ಮನುಷ್ಯನ ಕೋಟನ್ನು. ಅಪ್ಪ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಬಚಾವಾಗುತ್ತಿದ್ದೆ. "ಹೋಗ್ಲಿ ಬಿಡಪ್ಪ, ಫೋನ್ ಮಾಡಿದ್ಯಲ್ಲ, ಅಷ್ಟೇ ಸಾಕು. ನೀನ್ ಆಟ ನೋಡು. ಎರಡೂ ಆಗಲ್ಲ" ಎಂದರು. ಮೆತ್ತಗೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ.

"ಇಡಬೇಡಿ ಅಪ್ಪ" ಎಂದೆ. "ಹಾಗೇ ಹಿಡ್ಕೊಂಡಿರಿ."

ಎದ್ದೆ. ಫೋನನ್ನು ಹಿಡಿದುಕೊಂಡು ಮೆಟ್ಟಿಲಿಳಿದು, ಗೋಲಿನ ಹಿಂದಿನಿಂದ ಸುತ್ತಿ ಆಚೆ ಬದಿಗೆ ನಡೆದೆ. ಜನ ನೋಡಿದರು. 'ಗ್ಯಾಲರಿ ಕಣ್ಣು' ಓಗ್ಡನ್ ಕಡೆಗೆ ಹೊರಟಿದ್ದಾನೆ ಎಂದರೆ ಕೇಳಬೇಕೇ? ಚಪ್ಪಾಳೆ ಶುರುವಾಯಿತು. "ಬಿಡ್ಬೇಡ ಕ್ಲಿಫ್, ಕೇಳು ಅವನ್ನ!" ಹಾಡನ್ನು ಎತ್ತಿಕೊಂಡರು. ನನ್ನ ಹಾಡು, ಸಾವಿರ ಬಾಯಲ್ಲಿ. ಅದರ ನಡುವೆ ನಡೆದು ಹೋಗಬೇಕಾಯಿತು. ಅಂಗೈಯಿಂದ ಫೋನನ್ನು ಮುಚ್ಚಿಕೊಂಡೆ, ಅಪ್ಪನಿಗೆ ಕೇಳಿಸದಿರಲಿ ಎಂದು. ಪೈ ಬಿದ್ದ ದಿನ ಓಗ್ಡನ್ ಅವರು ಹಾಗೆ ಏಕೆ ಹಿಡಿದಿದ್ದರು ಎಂದು ಆಗ ತಿಳಿಯಿತು.

ಗ್ಯಾಲರಿಯ ಬಾಗಿಲಲ್ಲಿ ನಿಂತವನು ತಡೆದ. ಓಗ್ಡನ್ ಅವರೇ ಬಿಡು ಎಂದು ಸನ್ನೆ ಮಾಡಿದರು. ಹತ್ತಿರ ಹೋದಾಗ ಅವರ ಹೆಂಡತಿ ಗಂಡನ ತೋಳು ಹಿಡಿದುಕೊಂಡರು. ಹೆದರಿದ್ದರು, ಬೆರಿಲ್. ನನ್ನನ್ನು ನೋಡಿ ಒಬ್ಬ ಹೆಂಗಸು ಹೆದರಿದ್ದು ಇದೇ ಮೊದಲು. ಓಗ್ಡನ್ ಅವರ ಕಡೆಗೆ ಫೋನು ಚಾಚಿದೆ.

"ಅಪ್ಪ ಇದಾರೆ" ಎಂದೆ. "ನಂಗೆ ಹೇಳೋಕೆ ಬರ್ತಿಲ್ಲ. ದಯವಿಟ್ಟು ನೀವು ಹೇಳಿ ಸಾರ್."

ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು. ಸಭೆಯಲ್ಲಿ ನೋಡಿದ ಹಾಗೆಯೇ. ಅಂದು ಅದನ್ನು ಕಳ್ಳನ ನೋಟ ಎಂದುಕೊಂಡಿದ್ದೆ. ಮರುಕದ ನೋಟ ಅದು. ಆಮೇಲೆ ಫೋನು ತೆಗೆದುಕೊಂಡು ಕಿವಿಗಿಟ್ಟರು. "ಆಲ್ಬರ್ಟ್, ನಾನು ರಾಲ್ಫ್. ಇವತ್ತು ಬಲದಿಂದ ಎಡಕ್ಕೆ ಆಡ್ತಿದೀವಿ. ಮೆಕ್‌ನ್ಯಾಲಿ ಕೈಲಿ ಚೆಂಡಿದೆ, ನಮ್ಮ ಎಸೆತ..." ಬಲಗೈ ಮೇಲೆದ್ದು ಮೂಲೆಯ ಕಡೆ ಹೋಯಿತು.

ಹಾಡು ನಿಂತಿತು. ಒಮ್ಮೆಗೇ ಅಲ್ಲ, ಸಾಲು ಸಾಲಾಗಿ. ಮೊದಲು ಯಾರೋ ನಕ್ಕರು. ಆಮೇಲೆ ಬೈಗಳು ಬಂತು, ನನಗೆ. ಮಾರಿಕೊಂಡವನು ಎಂದರು. ಎದುರಿಗೆ ನನ್ನ ಸೀಟಿನ ಪಕ್ಕ ಡೆನಿಸ್ ಎದ್ದು ನಿಂತು ನೋಡುತ್ತಿದ್ದ. ಬುಧವಾರ ಸಭೆ ಕರೆಸಿದ್ದೇನೆ, ಎಲ್ಲ ಹೇಳುತ್ತೇನೆ. ಹೇಳದೆ ತಪ್ಪಿಸಿಕೊಳ್ಳುವ ದಾರಿ ನಿನ್ನೆ ರಾತ್ರಿಯೆಲ್ಲ ಹುಡುಕಿದೆ, ಸಿಗಲಿಲ್ಲ. ಹಾಳೆಯನ್ನು ಡೆನಿಸ್ ಮುಂದುವರಿಸುತ್ತಾನಂತೆ. ನಾನು ಏನು ಹೇಳಿದರೂ ಓಗ್ಡನ್ ಅವರನ್ನು ಕೆಲವರು ಬಿಡುವುದಿಲ್ಲ. ಒಮ್ಮೆ ಹಚ್ಚಿದ ಮಸಿಯನ್ನು ಹಚ್ಚಿದವನೇ ಒರೆಸಿದರೂ ಪೂರ್ತಿ ಹೋಗುವುದಿಲ್ಲ.

ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಓಗ್ಡನ್ ಅವರ ಹೆಂಡತಿ ಕೈಚೀಲವನ್ನು ಪಕ್ಕದ ಕುರ್ಚಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಮುಖ ನೋಡಲಿಲ್ಲ. ಕೂತೆ. ಅಪ್ಪ ಆ ಕಡೆಯಿಂದ ಏನೋ ಕೇಳಿರಬೇಕು. ಓಗ್ಡನ್ ಅವರು ನನ್ನ ಕಡೆ ತಿರುಗದೆ, ಚೆಂಡಿನ ಮೇಲೆ ಕಣ್ಣಿಟ್ಟುಕೊಂಡೇ ಉತ್ತರ ಕೊಟ್ಟರು.

"ಇಲ್ಲೇ ಇದಾನೆ ಆಲ್ಬರ್ಟ್, ನನ್ ಪಕ್ಕದಲ್ಲೇ." ಸ್ವಲ್ಪ ಹೊತ್ತು ಕೇಳಿಸಿಕೊಂಡರು. ನಂತರ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ, ನನಗೆ ಮಾತ್ರ ಕೇಳುವಂತೆ ಹೇಳಿದರು. "ತಲೆ ಬಗ್ಗಿಸ್ಕೊಂಡ್ ಕೂರಬೇಡ ಅಂತ ಹೇಳ್ಬೇಕಂತೆ. ಆಟ ನೋಡ್ಬೇಕಂತೆ ನೀನು."

ಕ್ಲಿಫ್